ಅಪ್ಪನ ಕೂದಲು

ಡಾಕ್ಟರು ನೇರಳೆ ಬಣ್ಣದ ಪೆನ್ನಿನಿಂದ ಅವನ ಹಣೆಯ ಮೇಲೆ ಒಂದು ಗೆರೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಎಡಗಡೆ ಸ್ವಲ್ಪ ಒರೆಸಿ ಮತ್ತೆ ಎಳೆದರು. ಆಮೇಲೆ ಕೈಗನ್ನಡಿ ಕೊಟ್ಟು, ಕೂದಲು ಇಲ್ಲಿಂದ ಶುರುವಾಗುತ್ತದೆ ಎಂದರು. ಅವನು ನೋಡಿಕೊಂಡ. ಗೆರೆಯ ಕೆಳಗೆ ಇಪ್ಪತ್ತೇಳು ವರ್ಷದ ಅವನ ಮುಖವಿತ್ತು. ಗೆರೆಯ ಮೇಲೆ, ಮನೆ ಕಟ್ಟಲು ಸುಣ್ಣದ ಪುಡಿಯಲ್ಲಿ ಗುರುತು ಹಾಕಿಟ್ಟ ಖಾಲಿ ಸೈಟು. ಅಲ್ಲಲ್ಲಿ ನಾಲ್ಕು ಕೂದಲು ಹಠ ಹಿಡಿದು ನಿಂತಿದ್ದವು. ಆದರೂ ಎಷ್ಟೋ ತಿಂಗಳ ಮೇಲೆ ಅವನಿಗೆ ತನ್ನ ಮುಖ ನೋಡಿ ಖುಷಿಯಾಯಿತು.

ತಲೆಯ ಹಿಂಭಾಗದ ಕೂದಲನ್ನು ಒಂದೊಂದಾಗಿ ಕಿತ್ತು ಮುಂದೆ ನೆಡುತ್ತೇವೆ ಎಂದು ಡಾಕ್ಟರು ವಿವರಿಸಿದರು. ಹಿಂದೆ ಎಷ್ಟಿದೆಯೋ ಅಷ್ಟೇ ಬಂಡವಾಳ, ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಅವಸರ ಮಾಡಿದರೆ ಒಂದು ತೊಂದರೆ ಉಂಟು: ನೆಟ್ಟದ್ದು ಉಳಿಯುತ್ತದೆ, ಅದರ ಹಿಂದಿನದು ಉದುರುತ್ತಲೇ ಹೋಗುತ್ತದೆ. ಕೊನೆಗೆ ಮುಂದೊಂದು ಬೇಲಿ, ಹಿಂದೆ ಬರೀ ಬಯಲು. ಹಾಗಾಗಿ ಮನೆಯವರ ತಲೆ ಹೇಗಿತ್ತೆಂದು ತಿಳಿಯದೆ ತಾವು ಕೈ ಹಾಕುವುದಿಲ್ಲ ಎಂದರು. ತಾನು ಮೂರು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು, ಆಗ ಅವರಿಗೆ ಮೂವತ್ತೈದು ಎಂದು ಹೇಳಿ ಅವನು ಫೋನಿನಲ್ಲಿದ್ದ ಫೋಟೋ ತೋರಿಸಿದ. ಡಾಕ್ಟರು ಅದನ್ನು ಹಿಗ್ಗಿಸಿ ನೋಡಿದರು. ದಟ್ಟ ಕೂದಲು, ಎಡಕ್ಕೆ ನೇರ ಬೈತಲೆ, ಹಣೆಯ ಮೇಲೊಂದು ಸಣ್ಣ ಗುಂಗುರು.

"ಮೂವತ್ತೈದಕ್ಕೆ ಇಷ್ಟು ಕೂದಲಿತ್ತು ಅಂದ್ರೆ ಯೋಚನೆ ಇಲ್ಲ. ನಿಮ್ಮದು ಇಲ್ಲಿಗೆ ನಿಲ್ಲಬಹುದು" ಎಂದರು.

"ನಂಗೂ ಇದೇ ಥರ ಬೇಕು ಡಾಕ್ಟ್ರೇ. ಇದೇ ಬೈತಲೆ" ಎಂದ ಅವನು.

ಮೂರು ವಾರ ಬಿಟ್ಟು ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನವೇ ತಲೆಗೆ ಜೀರೋ ಮಷಿನ್ ಹಾಕಿಸಿಕೊಂಡು ಬರಬೇಕು, ಜೊತೆಗೆ ಮನೆಯವರೊಬ್ಬರು ಇರಬೇಕು. ಅವನು ಗೆರೆ ಅಳಿಸಿಕೊಳ್ಳದೆ, ಅದರ ಮೇಲೆ ಟೋಪಿ ಎಳೆದುಕೊಂಡು ಬಸ್ಸು ಹತ್ತಿದ.

ಆ ಫೋಟೋ ಅವರ ಮನೆಯ ನಡುಕೋಣೆಯಲ್ಲಿ ಗಡಿಯಾರದ ಪಕ್ಕ ತೂಗುತ್ತಿತ್ತು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಬದುಕಿದ್ದಷ್ಟು ದಿನ ಬೆಳಿಗ್ಗೆ ಅವನನ್ನು ಅದರ ಕೆಳಗೇ ಕೂರಿಸಿಕೊಂಡು, ಒಂದು ಸಲ ಗೋಡೆ ನೋಡುತ್ತ ಒಂದು ಸಲ ಅವನ ತಲೆ ನೋಡುತ್ತ ಬೈತಲೆ ತೆಗೆಯುತ್ತಿದ್ದಳು. ಥೇಟ್ ಅಪ್ಪನ ಕೂದಲೇ ಬಂದಿದೆ ಎನ್ನುತ್ತಿದ್ದಳು. ಅಪ್ಪನ ದನಿ ಹೇಗಿತ್ತೋ, ಹೇಗೆ ನಡೆಯುತ್ತಿದ್ದನೋ, ಅವನಿಗೆ ಒಂದೂ ನೆನಪಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದನಂತೆ, ಗೆಳೆಯರು ಲೈಟಣ್ಣ ಎಂದು ಕರೆಯುತ್ತಿದ್ದರಂತೆ. ಬಸ್ಸಿನ ಹೆಡ್‌ಲೈಟು ರಿಪೇರಿ ಮಾಡುವುದರಲ್ಲಿ ಕೈ ಪಳಗಿದವನಿರಬೇಕು ಎಂದುಕೊಂಡು ಅವನು ಬೆಳೆದಿದ್ದ. ಅಪ್ಪ ಅಂತ ಅವನ ಪಾಲಿಗೆ ಬಂದದ್ದು ಆ ಕೂದಲೊಂದೇ. ಇಪ್ಪತ್ತಮೂರಕ್ಕೆ ಅದು ಬಾಚಣಿಗೆಗೆ ಬರತೊಡಗಿದಾಗ, ಅಪ್ಪ ಎರಡನೇ ಸಲ ಹೋಗುತ್ತಿದ್ದಾನೆ ಅನ್ನಿಸಿ ಬಚ್ಚಲಲ್ಲಿ ನಿಂತು ಅತ್ತಿದ್ದ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಕೂದಲಿಗೆ ಅತ್ತವನನ್ನು ನೋಡಿ ನಗದವರು ಯಾರಿದ್ದಾರೆ?

ಕೆಲಸವಾದರೂ ಬೇರೆಯದಿದ್ದರೆ ಆಗುತ್ತಿತ್ತು. ಅವನು ಕೆಲಸಕ್ಕಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಮೂರು ಗೋಡೆಗೂ ಕನ್ನಡಿ, ನೆತ್ತಿಯ ಮೇಲೇ ಬಿಳಿ ದೀಪ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಲು ಬಗ್ಗಿದರೆ ಸಾಕು, ಕಡೆಗಣ್ಣಿಗೆ ತನ್ನ ತಲೆ ಮೂರು ಕಡೆಯಿಂದ ಕಾಣುತ್ತಿತ್ತು. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ನೋಡುವುದು ಅದನ್ನೇ ಎಂಬುದು ಅವನಿಗೆ ಖಾತ್ರಿಯಾಗಿಬಿಟ್ಟಿತ್ತು. ಒಬ್ಬ ಮುದುಕಿಯಂತೂ ಅವನತ್ತ ಮುಖ ಎತ್ತಿ, ಈಗ ಎಲ್ಲ ಸ್ವಚ್ಛ ಕಾಣ್ತಿದೆಯಪ್ಪಾ ಎಂದಿದ್ದಳು. ಪಾಪ, ಅವಳು ನೋಡಿದ್ದು ಹಿಂದಿನ ಗೋಡೆಯ ಕ್ಯಾಲೆಂಡರನ್ನೋ ಏನೋ. ಅಂಗಡಿಯ ಯಜಮಾನರಿಗೆ ಅರವತ್ತೆರಡು, ತಲೆತುಂಬ ಕೂದಲು. ಅವರು ದಿನಾ ಅದನ್ನು ಅವನ ಎದುರಿಗೇ ಬಾಚಿಕೊಳ್ಳುವರು. ದೇವರಿಗೆ ಕಣ್ಣಿಲ್ಲ ಎಂದು ಬೇರೆ ಹೇಳಬೇಕೆ.

ಮನೆಯಲ್ಲಿ ಅಮ್ಮ ಇನ್ನೊಂದು ಥರ. ಎರಡು ವರ್ಷದಿಂದ ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿದಾಗಲೆಲ್ಲ ಅವಳು ಸೌಟು ಹಿಡಿದು ಹಿಂದೆಯೇ ನಿಂತುಬಿಡುವಳು, ಬಡಿಸುವುದನ್ನೂ ಮರೆತು. ಕರುಣೆ ಎಂದುಕೊಂಡು ಅವನು ಊಟಕ್ಕೂ ಟೋಪಿ ಹಾಕಿಕೊಳ್ಳಲು ಶುರು ಮಾಡಿದ್ದ. ಅಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಹೂಂ, ಉಹೂಂ ಎರಡರಲ್ಲೇ ಸಂಸಾರ ಸಾಗಿಸಿದವಳು ಅವಳು. ಮಾತಿಗೆ ಎಳೆದರೂ ಬರುತ್ತಿರಲಿಲ್ಲ.

ಅವತ್ತು ಅವನು ಒಳಗೆ ಬಂದು ಸೆಕೆಗೆ ಟೋಪಿ ತೆಗೆದ. ಹಣೆಯ ಮೇಲಿನ ಗೆರೆ ನೋಡಿ ಅವಳ ಹೊಲಿಗೆಯ ಮಷಿನು ನಿಂತಿತು. ಅವನು ಎಲ್ಲವನ್ನೂ ಹೇಳಿದ. ತನ್ನ ಸಂಪಾದನೆಯಲ್ಲೇ ಮಾಡಿಸಿಕೊಳ್ಳುವುದು, ಅವಳೇನೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಆ ದಿನ ಜೊತೆಗೆ ಬಂದರಾಯಿತು ಎಂದ. ಡಾಕ್ಟರು ಮೊದಲು ಹಿಂದೆ ಮುಂದೆ ನೋಡಿದರು, ಅಪ್ಪನ ಫೋಟೋ ತೋರಿಸಿದ ಮೇಲೆ ಒಪ್ಪಿದರು ಎಂದೂ ಹೇಳಿದ. ಅಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು.

"ಅದು ನಿಮ್ಮಪ್ಪನ ಕೂದಲಲ್ಲ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಗೋಡೆಯ ಕಡೆ ನೋಡದೆ, ಮಷಿನಿನ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು. ಅವರ ಮದುವೆ ಕಚೇರಿಯಲ್ಲಿ ರುಜು ಹಾಕಿ ಆದದ್ದು, ಫೋಟೋ ತೆಗೆಸಿರಲಿಲ್ಲ. ಅಪ್ಪ ಹೋದಾಗ ಇದ್ದದ್ದು ಡಿಪೋದ ಗುರುತಿನ ಚೀಟಿಯಲ್ಲಿನ ಹೆಬ್ಬೆರಳಷ್ಟು ಚಿತ್ರ ಒಂದೇ. ಅಜ್ಜಿ ಅದನ್ನು ಸ್ಟುಡಿಯೋಗೆ ಒಯ್ದು ದೊಡ್ಡದು ಮಾಡಿಸಿದಳು. ಸ್ಟುಡಿಯೋದವನ ಪಕ್ಕದಲ್ಲೇ ಕೂತು, ಈ ಕಡೆ ಇನ್ನೊಂಚೂರು ಹಾಕಪ್ಪಾ, ಹಣೆ ಮೇಲೆ ಸ್ವಲ್ಪ ಗುಂಗುರು ಇರ್ತಿತ್ತು ಎಂದು ಕುಂಚದಲ್ಲಿ ಕೂದಲು ಬರೆಸಿದಳು. ಅಮ್ಮ ಆ ಸ್ಟುಡಿಯೋದ ಬಾಗಿಲಲ್ಲಿ ಅವನನ್ನು ಎತ್ತಿಕೊಂಡು ನಿಂತಿದ್ದಳಂತೆ. ಚೀಟಿಯನ್ನು ಡಿಪೋದವರು ವಾಪಸು ಕೇಳಿದರು, ಕೊಟ್ಟಾಯಿತು.

"ನಿಮ್ಮಜ್ಜಿಗೆ ಅವರ ಮಗ ಬೇಕಿತ್ತು. ಇಪ್ಪತ್ತು ವರ್ಷದ ಮಗ. ತಪ್ಪು ಅನ್ನೋಕಾಗಲ್ಲ. ಆದ್ರೆ ನಾನು ಮದುವೆ ಮಾಡ್ಕೊಂಡೋರಿಗೆ ಕೂದಲೇ ಇರ್ಲಿಲ್ಲ. ಡಿಪೋದಲ್ಲೆಲ್ಲ ಲೈಟಣ್ಣ, ಲೈಟಣ್ಣ ಅಂತ ಆಡಿಕೊಳ್ಳೋರು, ಅವರೂ ನಗೋರು." ಅವಳು ಚಕ್ರವನ್ನು ಅರ್ಧ ಸುತ್ತು ತಿರುಗಿಸಿದಳು. "ಇಪ್ಪತ್ನಾಲ್ಕು ವರ್ಷದಿಂದ ಆ ಫೋಟೋ ಒರೆಸ್ತಿದೀನಿ. ನನಗೆ ಅದು ಯಾರೋ ಬಾಡಿಗೆಗೆ ಬಂದೋರ ಥರ ಕಾಣುತ್ತೆ ಕಣೋ."

ಅವನಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅಜ್ಜಿ ಕೈಗೆ ಸಿಗುವ ಹಾಗಿಲ್ಲ. ಹಾಗಾಗಿ ಅಮ್ಮನ ಮೇಲೆಯೇ ಹರಿಹಾಯ್ದ. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ.

"ಅಜ್ಜಿ ಇರೋವರೆಗೂ ಹೇಳೋ ಹಾಗಿರ್ಲಿಲ್ಲ. ಆಮೇಲೆ ನೀನು ಅದನ್ನೇ ಅಪ್ಪ ಅಂದ್ಕೊಂಡು ಬೆಳೆದಿದ್ದೆ. ಈಗ ಎರಡು ವರ್ಷದಿಂದ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. "ನೀನು ಮನೇಲೂ ಟೋಪಿ ಹಾಕ್ಕೊಳ್ಳೋಕೆ ಶುರು ಮಾಡ್ದೆ. ನಾನೇನೂ ಅನ್ಲಿಲ್ಲ."

ಅವನು ಗೋಡೆ ನೋಡಿದ, ನೆಲ ನೋಡಿದ. ಆದರೂ ಮಾಡಿಸಿಕೊಳ್ಳುತ್ತೇನೆ ಎಂದ. ನಿನ್ನ ತಲೆ, ನಿನ್ನಿಷ್ಟ, ಆ ಸೋಮವಾರ ಬರ್ತೀನಿ ಎಂದು ಅಮ್ಮ ಮತ್ತೆ ಸೂಜಿ ಕಚ್ಚಿಕೊಂಡಳು.

ಡಾಕ್ಟರಿಗೆ ನಿಜ ಹೇಳಿದರೆ ಅವರು ಮುಂದೂಡುತ್ತಾರೆ, ಇಲ್ಲವೇ ಆಗುವುದೇ ಇಲ್ಲ ಎನ್ನುತ್ತಾರೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಮೂರು ವಾರದಲ್ಲಿ ಎರಡು ಸಲ ಆಸ್ಪತ್ರೆಗೆ ಫೋನು ಮಾಡಿದ. ಎರಡು ಸಲವೂ ಆ ಕಡೆ ಹುಡುಗಿಯ ದನಿ ಕೇಳಿಸಿದ್ದೇ, ಸೋಮವಾರ ಒಂಬತ್ತಕ್ಕೇ ಅಲ್ಲವೇ ಎಂದು ಕೇಳಿ ಇಟ್ಟುಬಿಟ್ಟ. ಅಪ್ಪನ ನೆಪ ಹೋದ ಮೇಲೆ ಆಸೆಯೂ ಹೋಗುತ್ತದೆ ಎಂದುಕೊಂಡಿದ್ದ, ಹೋಗಲಿಲ್ಲ. ಅದು ಅವನ ಸ್ವಂತದ್ದಾಗಿ ಇನ್ನೂ ಬಲಿಯಿತು. ಗಾಳಿಗೆ ಕೂದಲು ಹಾರಬೇಕು, ಅದನ್ನು ಕೈಯಲ್ಲಿ ಹಿಂದೆ ತಳ್ಳಿಕೊಳ್ಳಬೇಕು. ಅಂಗಡಿಯ ಕನ್ನಡಿಗಳ ಮುಂದೆ ಯಾವಳೋ ಒಬ್ಬಳು ಫ್ರೇಮು ಮರೆತು ತನ್ನನ್ನು ನೋಡಬೇಕು. ಇಷ್ಟೇ ಅವನಿಗೆ ಬೇಕಾದದ್ದು, ಇಷ್ಟಕ್ಕೇ ಎದೆ ನೋಯುತ್ತಿತ್ತು. ಅದರ ಜೊತೆಗೇ ಇನ್ನೊಂದು ಹೊಸದಾಗಿ ಸೇರಿಕೊಂಡಿತ್ತು. ಅಪ್ಪ ನಿಜಕ್ಕೂ ಹೇಗಿದ್ದ? ಕೇಳಿದರೆ ಅಮ್ಮ, ಹೇಗೆ ಅಂತ ಹೇಳಲಿ, ಇದ್ದ ಹಾಗಿದ್ದರು ಎಂದಳು.

ಭಾನುವಾರ ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋಗಿ ಕೂತ. ಕ್ಷೌರಿಕ ಹತ್ತು ವರ್ಷದ ಪರಿಚಯ, ಅವನ ತಲೆಯ ಏರಿಳಿತವೆಲ್ಲ ಬಲ್ಲವನು. ಜೀರೋ ಹಾಕು ಎಂದದ್ದಕ್ಕೆ, ಇಷ್ಟು ದಿನ ಒಂದೊಂದನ್ನೂ ಹೆಸರಿಟ್ಟು ಕಾಪಾಡಿದೆವಲ್ಲ ಸ್ವಾಮೀ ಎಂದು ನಕ್ಕು ಮಷಿನು ಹಿಡಿದ. ಐದೇ ನಿಮಿಷ. ಬದಿಗಳಲ್ಲಿ ಬೂದು ನೆರಳು, ನಡುವೆ ಬೋಳು. ಅವನು ಕನ್ನಡಿಯಲ್ಲಿ ಅಪ್ಪನನ್ನು ಹುಡುಕಿದ. ಜ್ವರದಿಂದ ಎದ್ದು ಬಂದವನೊಬ್ಬ ಕಂಡ, ಅಷ್ಟೇ. ನೋಡಿಯೇ ಇರದ ಮನುಷ್ಯನನ್ನು ಗುರುತು ಹಿಡಿಯುವುದಾದರೂ ಹೇಗೆ? ಟೋಪಿ ಹಾಕಿಕೊಳ್ಳಲು ಹೋದ, ಹೊಸದಾಗಿ ಬೋಳಾದ ಚರ್ಮಕ್ಕೆ ಅದು ಉರಿಯಿತು. ಬರಿತಲೆಯಲ್ಲೇ ಮನೆಗೆ ನಡೆದ.

ಅಮ್ಮ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದಳು. ಬಾಗಿಲ ಬೆಳಕು ಕಡಿಮೆಯಾದದ್ದಕ್ಕೆ ತಲೆ ಎತ್ತಿದಳು. ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಅವಳು ಎದ್ದು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಕಾಫಿ ತಂದು ಅವನ ಕೈಗೆ ಕೊಟ್ಟಳು. ಆಮೇಲೆ, ಹಗಲು ಹೊತ್ತು ಕೆಲಸವಿಲ್ಲದೆ ಎಂದೂ ಕೂರದವಳು, ಎದುರಿನ ಕುರ್ಚಿಯಲ್ಲಿ ಕಾಲು ಮೇಲಕ್ಕೆ ಎಳೆದುಕೊಂಡು ಕೂತಳು.

ಮಷಿನಿನ ಬೆಲ್ಟು ಜಾರುತ್ತಿದೆ ಎಂದಳು. ಮೇಲಿನ ಮನೆಯವಳು ನೀರಿನ ವಿಷಯದಲ್ಲಿ ಮೂತಿ ತಿರುಗಿಸುತ್ತಾಳೆ ಎಂದಳು. ಅಲ್ಲಿಂದ ಮಾತು ಹಿಂದಕ್ಕೆ ಹೋಯಿತು. ಹಳೇ ಮನೆಯ ಸೂರು ಸೋರಿದ ವರ್ಷ, ಹೊಲಿಗೆ ಕಲಿಯುವಾಗ ಬೆರಳಿಗೆ ಸೂಜಿ ಹೊಕ್ಕದ್ದು, ಅಜ್ಜಿ ಕೊನೆಗಾಲದಲ್ಲಿ ಅವಳ ಕೈ ಹಿಡಿದುಕೊಂಡು ಬಿಡದೇ ಹೋದದ್ದು. ಅವಳಿಗೆ ಇಷ್ಟು ಮಾತು ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಅವಳು ಅವನ ಕಣ್ಣು ನೋಡುತ್ತಿರಲಿಲ್ಲ. ಸ್ವಲ್ಪ ಮೇಲೆ, ಕಿಟಕಿಯ ಬಿಸಿಲು ಬಿದ್ದಿದ್ದ ಕಡೆ ನೋಡುತ್ತ ಹೇಳುತ್ತಿದ್ದಳು.

"ಏಳು ದಿನ ಜ್ವರ ಇಳೀಲಿಲ್ಲ. ಹುಡುಗ ಕಣ್ಣೇ ಬಿಡ್ತಿರ್ಲಿಲ್ಲ. ಅತ್ತೆ ಅಳ್ತಾ ಕೂತ್ಬಿಟ್ರು. ನಾನೊಬ್ಳೇ ಅವನನ್ನ ಹೆಗಲ ಮೇಲೆ ಹಾಕ್ಕೊಂಡು ಓಡಿದೆ. ದಾರೀಲಿ ಒಂದು ಬಸ್ಸೂ ನಿಲ್ಲಿಸ್ಲಿಲ್ಲ."

ಆ ಹುಡುಗ ತಾನೇ, ಅವಳು ಹೇಳುತ್ತಿರುವುದು ತನಗಲ್ಲ ಎಂದು ಅವನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಕಾಫಿ ಆರಿ ಕೆನೆ ಕಟ್ಟಿತ್ತು. ಲೋಟ ಎತ್ತಿದರೆ ಅವಳು ನಿಲ್ಲಿಸಿಬಿಟ್ಟಾಳೆಂದು ಅವನು ಹಾಗೆಯೇ ಹಿಡಿದುಕೊಂಡು ಕೂತಿದ್ದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ನಾಳೆ ಬರುವುದು ಖಾತ್ರಿಯೇ ಎಂದು ಕೇಳಲು ಭಾನುವಾರ ಹನ್ನೊಂದಕ್ಕೆ ಫೋನು ಮಾಡುತ್ತೇವೆಂದು ಆಸ್ಪತ್ರೆಯ ಹುಡುಗಿ ದಿನ ಗೊತ್ತು ಮಾಡಿದಾಗಲೇ ಹೇಳಿದ್ದಳು. ಅವನು ತಲೆ ಅಲುಗಿಸದೆ ಜೇಬಿಗೆ ಕೈ ಹಾಕಿ, ಅದು ಸುಮ್ಮನಾಗುವವರೆಗೆ ಒತ್ತಿ ಹಿಡಿದ.

"ಆಮೇಲೆ?" ಎಂದ.