ಸೌದೆಯವನ ಹೊಗೆಗೂಡು

ಎರಡು ಚಳಿಗಾಲ ಮಸಿಯಕ್ಕ ಸೌದೆಯವನ ಮನೆಯ ಹೊಗೆಯನ್ನು ನೋಡುತ್ತಲೇ ಕಳೆದಳು. ಬೇರೆಯವರು ಹೊಗೆ ಕಂಡರೆ ಕಣ್ಣುಜ್ಜಿಕೊಂಡು ಮುಂದೆ ಹೋಗುತ್ತಾರೆ. ಇಪ್ಪತ್ತೆರಡು ವರ್ಷ ಊರಿನ ಹೊಗೆಗೂಡುಗಳಲ್ಲಿ ಕುಂಚ ಆಡಿಸಿದವಳಿಗೆ ಹೊಗೆಯೆಂದರೆ ಬಾಯಿಬಿಟ್ಟು ಮಾತಾಡಿದ ಹಾಗೆ. ಒಣ ಸೌದೆಯದು ತೆಳ್ಳಗೆ, ಅವಸರವಿರುವವರಂತೆ ಮೇಲೆ ಹೋಗಿಬಿಡುತ್ತದೆ. ಹಸಿ ಸೌದೆಯದು ಬೆಳ್ಳಗೆ ದಪ್ಪಗೆ, ಏಳಲು ಮನಸ್ಸಿಲ್ಲದ ನೆಂಟರಂತೆ ಸೂರಿನ ಮೇಲೇ ಕಾಲು ಚಾಚುತ್ತದೆ. ದಾರಿಯಲ್ಲೇ ತಣ್ಣಗಾಗಿ ಇಟ್ಟಿಗೆಗೆ ಅಂಟುತ್ತದೆ. ಮೊದಲು ಮಸಿ, ಆಮೇಲೆ ಜಿಗುಟು, ಕೊನೆಗೆ ಗಾಜಿನಂತೆ ಹೊಳೆಯುವ ಕರಿ ಕಿಟ್ಟ. ಒಂದು ಕಿಡಿ ಹಾರಿ ಆ ಕಿಟ್ಟಕ್ಕೆ ತಗುಲಿತೋ, ಹೊಗೆಗೂಡೇ ಹೊತ್ತಿ ಉರಿಯುತ್ತದೆ.

ಅವಳ ತಂಗಿ ಸತ್ತದ್ದು ಹಾಗೆಯೇ. ಜ್ವರ ಬಂದು ಮಹಡಿಯಲ್ಲಿ ಮಲಗಿದ್ದಳು, ಮಟಮಟ ಮಧ್ಯಾಹ್ನ. ಬೂದಿ ಆರುವ ಮೊದಲೇ ಸೌದೆಯವನು ನಾಲ್ಕು ಜನರ ನಡುವೆ ನಿಂತು ಹೇಳಿದ: "ನಾನು ಹಾಕಿದ್ದು ಒಣಗಿದ ಸೌದೆ. ಗುಡಿಸೋರ ಕೈ ಸರಿಯಿಲ್ಲದಿದ್ರೆ ಸೌದೆ ಏನು ಮಾಡುತ್ತೆ? ಅಕ್ಕನೇ ಗುಡಿಸಿದ್ದಲ್ವಾ?"

ತಂಗಿಯ ಗಂಡ ದರ್ಜಿ. ಅವನು ಆ ಮಾತನ್ನು ನಂಬಿದ. ಅಂದಿನಿಂದ ಮಸಿಯಕ್ಕನಿಗೆ ಅವನ ಬಾಗಿಲು ಮುಚ್ಚಿತು. ಬೀದಿಯಲ್ಲಿ ಎದುರಾದರೆ ಮಗಳ ಕೈ ಹಿಡಿದು ಆಚೆ ಬದಿಗೆ ದಾಟುತ್ತಿದ್ದ. ಹುಡುಗಿ ತಿರುತಿರುಗಿ ದೊಡ್ಡಮ್ಮನನ್ನು ನೋಡುತ್ತಿತ್ತು.

ಸೌದೆಯವನಿಗೋ ಒಳಗೊಳಗೇ ಅಳುಕು. ಅಂಗಡಿಯಲ್ಲಿ ಒಣಗಿದ್ದನ್ನು ಮಾತ್ರ ಮಾರತೊಡಗಿದ. ಪ್ರತಿ ಹೊರೆಯಲ್ಲೂ ಉಳಿದ ಹಸಿ ಮರದ ಬುಡಗಳನ್ನು ಹಿತ್ತಿಲ ಬಾಗಿಲಿನಿಂದ ಮನೆಗೆ ಸಾಗಿಸುತ್ತಿದ್ದ. ಗುಡಿಸಲು ಮಸಿಯಕ್ಕನನ್ನು ಕರೆಸಿದರೆ ಗುಟ್ಟು ಹೊರಬಿದ್ದು ತನ್ನ ಮಾತೇ ತನಗೆ ತಿರುಗುತ್ತದಲ್ಲ! ಅದಕ್ಕೇ "ಒಣ ಸೌದೆ ಸುಡೋರಿಗೆ ಗುಡಿಸೋರ್ಯಾಕೆ?" ಎಂದು ಮೀಸೆ ತಿರುವಿದ. ಅವಳು ಬೀದಿಯಲ್ಲಿ ನಿಂತೇ ಎಲ್ಲ ತಿಳಿದಳು. ಹಲ್ಲು ಕಚ್ಚಿ ಕಾದಳು.

ಒಂದು ಬೆಳಗ್ಗೆ ಸೌದೆಯವನ ಸೊಸೆಯೇ ಓಡಿಬಂದಳು.

"ಅಕ್ಕಾ, ನಮ್ಮ ಒಲೆ ಕೊಳವೆ ಸಂದಿಯಿಂದ ಕರ್ರಗೆ ಏನೋ ತೊಟ್ಟಿಕ್ತಿದೆ, ಕಾಕಂಬಿ ಥರ. ಮಾವನಿಗೆ ಹೇಳಿದ್ರೆ, ಒಲೆಯ ಗಾಳಿ ಬಾಗಿಲು ಇನ್ನಷ್ಟು ಮುಚ್ಚು, ಉರಿ ತಗ್ಗಿದ್ರೆ ಸೌದೆ ಉಳಿಯುತ್ತೆ ಅಂತಾರೆ."

"ನೀನಿಲ್ಲಿಗೆ ಬಂದಿದ್ದು ಅವರಿಗೆ ಗೊತ್ತಾ?"

"ಗೊತ್ತಾದ್ರೆ ನನ್ನನ್ನೇ ಆ ಕೊಳವೆಗೆ ತುರುಕ್ತಾರೆ."

"ನಿನಗೆಲ್ಲಿ ಜಾಗ ಅಲ್ಲಿ? ಇಲಿ ಬಾಲ ತೂರಿದ್ರೆ ಹೆಚ್ಚು."

ಸೊಸೆ ನಕ್ಕಳು. ಮಸಿಯಕ್ಕ ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಯೋಚಿಸಿದಳು.

ಸುಮ್ಮನಿದ್ದರೆ ಆ ಮನೆ ಈ ಚಳಿ ದಾಟುವುದಿಲ್ಲ. ಆದರೆ ಉರಿದರೆ ಏನಾಗುತ್ತದೆ? ಬೀದಿಗೆ ಬೀದಿಯೇ ಕೊಡ ಹಿಡಿದು ಓಡುತ್ತದೆ. ಯಾರೋ ಕಂಬಳಿ ಕೊಡುತ್ತಾರೆ, ಯಾರೋ ಸೌದೆಯವನ ಬೆನ್ನು ಸವರಿ 'ಪಾಪ' ಅನ್ನುತ್ತಾರೆ. ದರ್ಜಿಯೇ ಅವನಿಗೊಂದು ಹೊಸ ಅಂಗಿ ಹೊಲಿದು ಕೊಟ್ಟಾನು! ಆ ಒಂದು 'ಪಾಪ' ಅವನಿಗೆ ದಕ್ಕುವುದನ್ನು ಅವಳ ಕರುಳು ಒಪ್ಪಲಿಲ್ಲ. ಮನೆ ನಿಲ್ಲಬೇಕು, ಒಳಗಿನ ಕಿಟ್ಟವೂ ಹಾಗೇ ನಿಲ್ಲಬೇಕು, ಅದರ ಮುಂದೆ ಅವನು ನಿಲ್ಲಬೇಕು. ಈ ಸೊಸೆಯೂ ಮಹಡಿಯಲ್ಲೇ ಮಲಗುವವಳು ಎಂಬುದು ಆಮೇಲೆ ಮನಸ್ಸಿಗೆ ಬಂತು. ಆಮೇಲೆಯೇ ಬಂತು; ಮೇಲಿರುವ ದೇವರಿಗೆ ಎಲ್ಲ ಗೊತ್ತಿರುವಾಗ ಸುಳ್ಳು ಯಾಕೆ?

ಕಿಟ್ಟ ಕಟ್ಟಿದ ಒಲೆಯನ್ನು ಮುಚ್ಚಿಸುವಾಗ ಅವಳ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಬೀದಿಯ ಒಬ್ಬರನ್ನು ಸಾಕ್ಷಿಗೆ ನಿಲ್ಲಿಸಿ, ಏನು ಸುಟ್ಟದ್ದು, ಯಾರು ಗುಡಿಸಿದ್ದು ಎಂದು ಯಜಮಾನನನ್ನು ಕೇಳಬೇಕು. ನಿಜ ಹೇಳುವವರೆಗೆ ಗುಡಿಸುವವರು ಯಾರೂ ಆ ಒಲೆ ಮುಟ್ಟುವುದಿಲ್ಲ. ಸಾಕ್ಷಿಯನ್ನು ಆರಿಸುವುದು ಗುಡಿಸುವವರ ಹಕ್ಕು.

"ದರ್ಜಿಯನ್ನ ಕರ್ಕೊಂಡು ಬಾ," ಎಂದಳು. "ಸಾಕ್ಷಿಗೆ ಅನ್ನು. ಬರದೆ ಇರೋ ಹಾಗಿಲ್ಲ."

ದರ್ಜಿ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಸೌದೆಯವನ ಮನೆಗೆ ಬಂದ. "ಬೇಗ ಮುಗಿಸಿ," ಎಂದು ಗೋಡೆಗೆ ಹೇಳಿದ. ಅಷ್ಟರಲ್ಲಿ ಮಸಿಯಕ್ಕ ಒಲೆ ಆರಿಸಿ, ಕೊಳವೆಯೊಳಗೆ ಸಲಾಕೆ ತೂರಿಸಿ ಒಂದು ಏಟು ಹಾಕಿದ್ದಳು. ಕಪ್ಪು ಬಿಲ್ಲೆಯೊಂದು ತಟ್ಟೆಗೆ ಠಣ್ಣೆಂದು ಬಿತ್ತು. ಸದ್ದಿಗೆ ಸೌದೆಯವನು ಹಿತ್ತಿಲಿನಿಂದ ನುಗ್ಗಿದ.

"ಇವಳನ್ನ ಒಳಗೆ ಬಿಟ್ಟೋರು ಯಾರು?"

"ನಿಮ್ಮ ಹೊಗೆ," ಎಂದಳು ಮಸಿಯಕ್ಕ. "ಏನು ಸುಟ್ಟಿದ್ದು, ಯಜಮಾನ್ರೇ?"

"ಒಣ ಸೌದೆ. ಊರಿಗೆಲ್ಲ ಗೊತ್ತು."

"ಒಣ ಸೌದೆ ಪುಡಿ ಮಸಿ ಬಿಡುತ್ತೆ. ಈ ಗಾಜು ಎಲ್ಲಿಂದ ಬಂತು?"

"ಗುಡಿಸೋರು ಸರಿಯಾಗಿ..." ಎಂದವನಿಗೆ ತಾನು ಎರಡು ಚಳಿಯಿಂದ ಯಾರನ್ನೂ ಕರೆಸಿಲ್ಲವೆಂಬುದು ಆಗ ನೆನಪಾಯಿತು.

"ಹೇಳಿ, ಹೇಳಿ. ಯಾರು ಗುಡಿಸಿದ್ದು?"

ಗೋಡೆ ನೋಡುತ್ತಿದ್ದ ದರ್ಜಿ ಮೊದಲ ಸಲ ಇತ್ತ ತಿರುಗಿದ. ಸೊಸೆ ಹಿತ್ತಿಲಿಗೆ ಹೋಗಿ ಒಂದು ಬುಡವನ್ನು ಹೊತ್ತು ತಂದು ದರ್ಜಿಯ ಕೈಗೆ ಕೊಟ್ಟಳು. "ಎರಡು ವರ್ಷದಿಂದ ಇದನ್ನೇ ಸುಡ್ತಿದೀವಿ," ಎಂದಳು. ಬುಡ ಹೆಣದ ಕೈಯಂತೆ ತಣ್ಣಗಿತ್ತು. ಕೊಯ್ದ ಮೈಯಿಂದ ನೀರು ಜಿನುಗುತ್ತಿತ್ತು. ದರ್ಜಿ ಅದನ್ನು ಹಿಡಿದುಕೊಂಡೇ ನಿಂತ.

"ಆ ವರ್ಷ ನಮ್ಮನೆಗೆ ಹಾಕಿದ್ದೂ ಇದೇನಾ?"

"ಆ ವರ್ಷ ಒಣಗಿಸೋಕೆ ಬಿಸಿಲೆಲ್ಲಿತ್ತು? ಎಲ್ಲರೂ ಒಟ್ಟಿಗೇ ಬೇಕು ಅಂದ್ರು..."

"ಹೌದೋ ಅಲ್ವೋ?"

ಸೌದೆಯವನು ಆರಿದ ಒಲೆಯನ್ನು ನೋಡಿದ. ಆಗಲೇ ಕೋಣೆಯೊಳಗೆ ಚಳಿಗೆ ಉಸಿರು ಹಬೆಯಾಗಿ ಕಾಣತೊಡಗಿತ್ತು. "ಹೌದು," ಎಂದು ಗಂಟಲಲ್ಲೇ ನುಂಗಿದ.

"ಬಾಗಿಲ ಕಡೆ ತಿರುಗಿ ಹೇಳಿ," ಎಂದಳು ಮಸಿಯಕ್ಕ. "ಅವತ್ತು ಬೀದಿಗೆ ಕೇಳೋ ಹಾಗೆ ಹೇಳಿದ್ರಲ್ಲ, ಅಷ್ಟು ಗಟ್ಟಿಯಾಗಿ."

ಹೊಸ್ತಿಲಾಚೆ ಆಗಲೇ ಐದಾರು ಜನ ನಿಂತಿದ್ದರು. ಅವನು ತಿರುಗಿದ. ಹೇಳಿದ. ಯಾರೂ 'ಪಾಪ' ಅನ್ನಲಿಲ್ಲ.

ದರ್ಜಿ ಬುಡವನ್ನು ಸೌದೆಯವನ ಕಾಲ ಬಳಿ ಇಳಿಸಿದ. ಹೋಗುತ್ತ ಬಾಗಿಲಲ್ಲಿ ತಡೆದು, "ಮಗಳು ಸಂಜೆ ಮನೇಲಿರ್ತಾಳೆ, ಅಕ್ಕಾ," ಎಂದ.

"ಇವತ್ತೇ ಗುಡಿಸಿಬಿಡಮ್ಮ," ಎಂದು ಸೌದೆಯವನು ಕೈ ಹೊಸೆದ.

"ಇದು ಕುಂಚಕ್ಕೆ ಬಗ್ಗಲ್ಲ. ಉಳಿ ಹಿಡಿದು ಚಿಪ್ಪು ಚಿಪ್ಪಾಗಿ ಎಬ್ಬಿಸಬೇಕು. ಆರು ದಿನ."

"ಆರು ದಿನ ಒಲೆ ಇಲ್ದೆ ಸಾಯೋದಾ?"

"ನೀವಾ? ಸಾಯಬಾರದು ನೀವು."

ಆರು ದಿನವೂ ಅವಳು ಸೂರಿನಿಂದ ಒಲೆಯವರೆಗೆ ಒಂದು ಕೂದಲೆಳೆಯಷ್ಟು ಕಿಟ್ಟ ಉಳಿಯದಂತೆ ಕೆತ್ತಿದಳು. ಒಡೆದ ಸೌದೆ ಒಂದು ಬೇಸಿಗೆ ಪೂರ್ತಿ ಸೂರಿನಡಿ ಒಣಗಬೇಕು, ಗಾಳಿ ಬಾಗಿಲು ತೆರೆದು ಚುರುಕಾಗಿ ಉರಿಸಬೇಕು, ಪ್ರತಿ ಚಳಿಗೆ ಮುಂಚೆ ಗುಡಿಸಬೇಕು ಎಂದು ಸೊಸೆಗೆ ಬಾಯಿಪಾಠ ಮಾಡಿಸಿದಳು. ಬಿದ್ದ ಕಿಟ್ಟವನ್ನು ಬುಟ್ಟಿ ತುಂಬಿ ಬೀದಿಯ ಕೊನೆಗೆ ಹೊತ್ತದ್ದು ಸೌದೆಯವನೇ, ದರ್ಜಿಯ ಅಂಗಡಿಯ ಮುಂದೆ ಹಾದು.

ಏಳನೆಯ ಬೆಳಗ್ಗೆ ಮಸಿಯಕ್ಕ ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದಳು. "ಆ ಮನೆಗೆ ಒಂದು ಕಿಡಿಯೂ ತಾಗದಿರಲಿ, ಸ್ವಾಮಿ. ಅವನಿಗೆ ಗಟ್ಟಿ ಕಾಲು ಕೊಡು, ಚುರುಕಾದ ಕಿವಿ ಕೊಡು, ನೂರು ವರ್ಷ ಆಯಸ್ಸು ಕೊಡು. ದಿನಾ ಈ ಬೀದಿಯಲ್ಲೇ ಓಡಾಡಲಿ."

ಅಷ್ಟು ಮನಸಾರೆ ಅವಳು ಯಾರ ಒಳಿತಿಗೂ ಎಂದೂ ಬೇಡಿಕೊಂಡಿರಲಿಲ್ಲ.