ಚೌಕಕ್ಕೆ ಬೇಕಿದ್ದ ಮುಖ

ನಾನು ಕ್ಯಾಮೆರಾ ಎತ್ತಿದರೆ ಹಾರುವ ಹದ್ದು ಆಕಾಶದಲ್ಲೇ ನಿಂತು ರೆಕ್ಕೆ ಸರಿಮಾಡಿಕೊಳ್ಳುತ್ತದೆ. ಒಮ್ಮೆ ಸಿಡಿಲಿಗೇ "ಇನ್ನೊಂದು ಸಲ, ಸ್ವಲ್ಪ ಎಡಕ್ಕೆ" ಎಂದಿದ್ದೆ. ಪಾಪ, ಎಡಕ್ಕೇ ಬಿತ್ತು. ಇಂಥ ನನಗೆ ಮೇಲ್ಸೇತುವೆ ಕೆಳಗೆ ಟಾರ್ಪಾಲು ಕಟ್ಟಿಕೊಂಡಿರುವ ಜನ ಒಂದೇ ದಿನದಲ್ಲಿ ನೀರು ಕುಡಿಸಿಬಿಟ್ಟರು.

ಸಂಪಾದಕರ ಅಪ್ಪಣೆ ಚಿಕ್ಕದು: "ಮನೆಯಿಲ್ಲದವರ ಗೋಳು ಬೇಕು ಕಣಯ್ಯ. ನೋಡಿದೋರ ಕಣ್ಣಲ್ಲಿ ನೀರು ಬರ್ಬೇಕು. ಸಂಜೆಯೊಳಗೆ ತಾ."

ನಾನು ಕ್ಯಾಮೆರಾ ಕಣ್ಣಿಗಿಟ್ಟಿದ್ದೇ ತಡ, ಗೋಳು ಮಂಗಮಾಯ! ಲಕ್ಷ ಬಾಚಣಿಗೆಗಳು ಹೊರಬಂದವು. ಹರಿದ ಚಾಪೆಗಳು ಮಡಚಿಕೊಂಡು ಮೂಲೆ ಸೇರಿದವು. ತಾತನೊಬ್ಬ ಅಂಗಿಯ ಗುಂಡಿಯನ್ನು ಕೊರಳವರೆಗೂ ಹಾಕಿಕೊಂಡು ನೆಟ್ಟಗೆ ನಿಂತ.

"ನಾನಿಲ್ಲಿ ಇಲ್ವೇ ಇಲ್ಲ ಅಂತ ತಿಳ್ಕೊಳಿ. ಸುಮ್ನೆ ನಿಮ್ಮ ಕೆಲಸ ಮಾಡ್ಕೊಳಿ" ಎಂದೆ.

"ಅದು ಹೆಂಗಾಗತ್ತೆ ಸ್ವಾಮಿ, ಇಷ್ಟು ದಪ್ಪ ಇದೀರಲ್ಲ!" ಎಂದಿತು ಗುಂಪಿನೊಳಗಿನ ಒಂದು ದನಿ.

ಎಲ್ಲರೂ ನಕ್ಕರು. ನಗುವವರ ಗೋಳನ್ನು ಹಿಡಿಯುವುದು ಹೇಗೆ? ನನ್ನ ಹಲ್ಲು ಕಡಿದ ಸದ್ದಿಗೆ ಸೇತುವೆಯ ಕಂಬ ಬಿರುಕು ಬಿಟ್ಟಿತು.

ಅಷ್ಟರಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕ ಮುಖ ತೊಳೆದು, ಪಕ್ಕದವಳ ಹೊಸ ರವಿಕೆ ತೊಟ್ಟು ಬಂದಳು. ಇಬ್ಬರು ಹೆಂಗಸರು ಅವಳ ಹಿಂದೆ ಬಿಳಿ ಬೆಡ್‌ಶೀಟ್ ಎತ್ತಿ ಹಿಡಿದರು.

"ಅಣ್ಣಾ, ನಂದೊಂದು ತೆಗೀರಿ. ಎರಡೂ ಕಿವಿ ಕಾಣ್ಬೇಕಂತೆ. ಕೋಣೆ ಹಂಚೋ ಕಚೇರಿಯೋರು ಇವತ್ತು ಐದಕ್ಕೆ ಫಾರಂ ತಗೊಳೋದು ನಿಲ್ಲಿಸ್ತಾರೆ. ಎಲ್ಲಾ ತುಂಬಿದೀನಿ, ಫೋಟೋ ಅಂಟಿಸೋ ಈ ಚೌಕ ಒಂದೇ ಖಾಲಿ. ಕೋಣೆ ಸಿಕ್ಕಿದ್ರೆ ಮಗಳನ್ನ ಅನಾಥಾಲಯದಿಂದ ಕರ್ಕೊಂಡು ಬರ್ತೀನಿ."

ನನ್ನ ಬ್ಯಾಟರಿಯಲ್ಲಿ ಉಳಿದಿದ್ದುದು ಒಂದೇ ಗೆರೆ. ಆದರೂ ಫ್ಲ್ಯಾಶ್ ಝಗ್ಗೆಂದಿತು. ಎಂಥ ಬೆಳಕು! ಸೂರ್ಯ ನಾಚಿ ಮೋಡದ ಹಿಂದೆ ಸರಿದ.

"ಮೂಲೆ ಅಂಗಡೀಲಿ ಪ್ರಿಂಟ್ ಹಾಕಿಸಿ ತಂದ್ಕೊಡ್ತೀನಿ, ಚಿಂತೆ ಬಿಡಿ" ಎಂದೆ. "ಈಗ ತಲೆ ಸ್ವಲ್ಪ ಕೆದರ್ಕೊಂಡು ಬೇಜಾರಲ್ಲಿ ಕೂತ್ಕೊಳಿ ಅಕ್ಕ."

"ಬೇಜಾರಾಗೋಕೆ ತಲೆ ಯಾಕಣ್ಣಾ ಕೆದರ್ಬೇಕು? ದಿನಾ ಬಾಚ್ಕೊಂಡೇ ಬೇಜಾರ್ ಮಾಡ್ಕೋತೀನಿ."

ಮಧ್ಯಾಹ್ನವೆಲ್ಲ ಹೀಗೇ. ಒಲೆ ಊದುವ ಅಜ್ಜಿಯನ್ನು ಕದ್ದು ಹಿಡಿಯಲು ಹೋದರೆ ಊದುವುದನ್ನು ಬಿಟ್ಟು ಸೆರಗು ಸರಿಮಾಡಿಕೊಂಡಳು. ಮಲಗಿದ್ದವನು ಎದ್ದು ಅಂಗಿ ಹುಡುಕಿದ. ಕೊನೆಗೊಂದು ನಾಯಿ ದುಃಖದಲ್ಲಿ ಕೂತಿತ್ತು. ಗುಂಡಿ ಒತ್ತುವಷ್ಟರಲ್ಲಿ ಅದೂ ಬಾಲ ಆಡಿಸಿತು. ಬ್ಯಾಟರಿ ಅಲ್ಲಿಗೇ ಸತ್ತಿತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅಕ್ಕ ಫಾರಂ ಹಿಡಿದು ಎದುರಿಗೆ ಬಂದಳು. ಕಚೇರಿ ಎರಡು ಬೀದಿಯಾಚೆ.

"ಅಣ್ಣಾ, ಫೋಟೋ?"

"ಅಂಗಡಿಯ ಯಂತ್ರ ಕೆಟ್ಟಿದೆ ಅಕ್ಕ. ಊರಿನ ಯಂತ್ರಗಳೆಲ್ಲಾ ಒಟ್ಟಿಗೇ ಕೆಟ್ಟಿವೆ."

ಗುಂಡಿ ಹಾಕಿಕೊಂಡಿದ್ದ ತಾತ ನನ್ನ ಫ್ಲ್ಯಾಶನ್ನೇ ನೋಡುತ್ತಿದ್ದ.

"ಯಂತ್ರ ಅಲ್ಲಮ್ಮ, ಇವನ ಹೆಬ್ಬೆರಳು. ಮೂವತ್ತು ವರ್ಷ ಮದುವೆಗಳಲ್ಲಿ ಬ್ಯಾಂಡ್ ಊದಿದೀನಿ, ಈ ಆಟ ಗೊತ್ತು. ಕಾಟ ಕೊಡೋ ನೆಂಟ್ರು ಬಂದ್ರೆ ಫೋಟೋದೋರು ಫ್ಲ್ಯಾಶಿನ ಹಿಂದಿರೋ ಗುಂಡಿ ಒತ್ತಿ ಬರೀ ಬೆಳಕು ಹಾರಿಸ್ತಾರೆ. ಫೋಟೋ ಬೀಳಲ್ಲ. ನಿಂಗೂ ಅದನ್ನೇ ಮಾಡಿದಾನೆ. ಅಯ್ಯೋ, ಆಗ್ಲೇ ಹೇಳ್ಬೇಕಿತ್ತು. ನಮ್ಮಂಥೋರಿಗೂ ಹಾಗೆ ಮಾಡ್ತಾನೆ ಅನ್ಕೊಂಡಿರ್ಲಿಲ್ಲ."

ಅಕ್ಕ ಬೈಯಲಿಲ್ಲ. "ಹೌದಾ ಅಣ್ಣಾ?" ಎಂದು ಕೇಳಿದಳು, ಅಷ್ಟೇ.

ನಾನು ಬಾಯಿ ತೆರೆದೆ. ಒಂದು ಸುಳ್ಳೂ ಸಿಗಲಿಲ್ಲ.

"ಹೌದು ಅಕ್ಕ. ತೆಗೀಲಿಲ್ಲ. ಐದು ಗಂಟೆ ಅಂದಿದ್ದು ಕೇಳಿಸಿತ್ತು, ಮಗಳ ವಿಷಯಾನೂ ಕೇಳಿಸಿತ್ತು. ಬ್ಯಾಟರಿ ಉಳಿಸ್ಕೊಳೋಣ ಅಂತ... ನೀವು ಚೆನ್ನಾಗಿ ಕಾಣ್ತಿದ್ರಿ. ನಂಗೆ ಅದು ಬೇಡವಾಗಿತ್ತು."