ಉರ್ಪೊ ಉಳಿಸಿದ ವೃತ್ತ

ದೂರದಿಂದ ನೋಡಿದಾಗಲೇ ಕೆಲಸ ಕೆಟ್ಟಿತೆಂದು ತಿಳಿಯಿತು. ಗುಡ್ಡದ ಕಾಡೆಲ್ಲ ಕಡಿದು ಬರೀ ಬುಡಗಳು. ನಡುವೆ ಮಾತ್ರ ಗುಂಡಗೆ ಒಂದು ಮರದ ಗುಂಪು, ಹಗ್ಗ ಹಿಡಿದು ಅಳೆದ ಹಾಗೆ.

ಅದು ನಮ್ಮ ವೃತ್ತ, ಸರ್ಕಾರದ ಕಾಡೆಣಿಕೆಯವರದು. ಕೈನೂ ಎಂಬ ನಮ್ಮ ಸೀಮೆಯ ಮರಗಳನ್ನೆಲ್ಲ ಎಣಿಸುವುದು ಯಾರಪ್ಪನಿಂದಲೂ ಆಗದು. ಅದಕ್ಕೇ ಅಲ್ಲೊಂದು ಇಲ್ಲೊಂದು ವೃತ್ತ ಹಾಕಿ, ಐದು ವರ್ಷಕ್ಕೊಮ್ಮೆ ಅವೇ ಮರಗಳನ್ನು ಅಳೆಯುತ್ತೇವೆ. ಈ ಒಂದು ವೃತ್ತ ಮುನ್ನೂರು ಹೆಕ್ಟೇರಿನ ಪರವಾಗಿ ಮಾತಾಡಬೇಕು. ನಡುವಿನ ಕಬ್ಬಿಣದ ಗೂಟವನ್ನು ಪಾಚಿಯ ಕೆಳಗೆ ಹುಗಿದಿರುತ್ತೇವೆ; ಕಾಡಿನ ಯಜಮಾನನಿಗೂ ಜಾಗ ತಿಳಿಯಬಾರದು, ತಿಳಿದರೆ ಆ ಮರಗಳನ್ನೇ ಬೇರೆ ಥರ ನೋಡಿಕೊಳ್ಳುತ್ತಾನೆ. ಇಪ್ಪತ್ತೈದು ವರ್ಷದಿಂದ ಇದನ್ನು ಅಳೆದವಳು ನಾನೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಷ್ಟೇ ಅಕ್ಕರೆ ಇದರ ಮೇಲೆ.

ಈ ಕಾಡಿನ ಯಜಮಾನ ಉರ್ಪೊ ಕಾಫಿಯ ಥರ್ಮಾಸ್ ಹಿಡಿದು ಬಂದ. ಎಪ್ಪತ್ತು ದಾಟಿದ ಮುದುಕ, ಮುಖದ ತುಂಬ ಹೆಮ್ಮೆ.

"ನೋಡವ್ವಾ ಐಲಾ, ಎಲ್ಲಾ ಕಡಿಸ್ದೆ, ನಿಮ್ದನ್ನ ಮಾತ್ರ ಒಂದು ಕಡ್ಡಿ ಮುಟ್ಟೋಕ್ ಬಿಡ್ಲಿಲ್ಲ. ಯಂತ್ರದೋನ್ ಜೊತೆ ಜಗಳಾನೇ ಆಡ್ದೆ."

"ಇಲ್ಲೇ ಅಂತ ಹೆಂಗ್ ಗೊತ್ತಾಯ್ತು?"

ಅವನು ಸ್ಪ್ರೂಸ್ ಮರವೊಂದರತ್ತ ಕೈ ತೋರಿಸಿದ. ಕೊಂಬೆಯಲ್ಲಿ ಬಣ್ಣಗೆಟ್ಟ ಹಳದಿ ಪಟ್ಟಿ. ಹೋದ ಸಲ ಗುರುತಿಗೆ ಕಟ್ಟಿ, ಬಿಚ್ಚಲು ಮರೆತವಳು ನಾನು.

"ಅದರ ಬುಡ ಕೆದಕ್ದೆ, ಗೂಟ ಸಿಕ್ತು. ಗೂಟದಿಂದ ಸುತ್ತ ಒಂಬತ್ತು ಮೀಟರ್ ಅಂತ ಹೋದ ಸಲ ಕಾಫಿ ಕುಡೀತಾ ನೀನೇ ಹೇಳಿದ್ಯಲ್ಲ!"

ಹೋಗಿ ಆ ಪಟ್ಟಿ ಬಿಚ್ಚಿ ಜೇಬಿಗೆ ತುರುಕಿಕೊಂಡೆ.

ಜೊತೆಗಾರ ಯೊರ್ಮಾ ಪಿಸುಗುಟ್ಟಿದ. "ಯಾರ್ ನೋಡ್ತಾರೆ ಮಾರಾಯ್ತಿ? ಮರ ಇದೆ, ಅಳೆ, ಬರೆ. ನಿಜ ಬರೆದ್ರೆ ವೃತ್ತಾನೇ ಕೈಬಿಡ್ತಾರೆ. ನಿನ್ನ ಇಪ್ಪತ್ತೈದು ವರ್ಷ ನೀರುಪಾಲು."

"ಹೋದ್ರೆ ಹೋಗ್ಲಿ. ಮುನ್ನೂರು ಹೆಕ್ಟೇರ್ ಬಗ್ಗೆ ಸುಳ್ಳು ಹೇಳೋಕೆ ನಾನು ತಯಾರಿಲ್ಲ."

ಉರ್ಪೊ ಮುಖ ಬಾಡಿತು. "ನಾನೇನ್ ತಪ್ಪು ಮಾಡ್ದೆ?"

"ಆಲೂಗಡ್ಡೆ ಬೆಂದಿದ್ಯಾ ಅಂತ ಒಂದಕ್ಕೆ ಚುಚ್ಚಿ ನೋಡ್ತೀವಲ್ವಾ? ಚುಚ್ಚೋದನ್ನ ಮಾತ್ರ ನೀವು ಬೇರೆ ಪಾತ್ರೇಲಿ ಇಟ್ರಿ."

"ಹಂಗಾದ್ರೆ ನಾಳೆನೇ ಇವನ್ನೂ ಕಡಿಸ್ತೀನಿ!"

"ಅಯ್ಯೋ ಬೇಡಿ! ಅದೂ ನಮಗೋಸ್ಕರಾನೇ ಕಡಿದಂಗೆ ಆಗುತ್ತೆ."

'ಜಾಗದ ಗುಟ್ಟು ಬಯಲಾಗಿದೆ. ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದೆ. ಗೂಟ ಕಿತ್ತು ಉರ್ಪೊ ಕೈಗಿಟ್ಟೆ.

"ಬದಲಿಗೆ ಹೊಸ ವೃತ್ತ ಎಲ್ಲಿ?" ಅವನು ಕೇಳಿದ.

"ಚೀಟಿ ಎತ್ತಿದಂಗೆ ಎಲ್ಲಿ ಬೀಳುತ್ತೋ ಅಲ್ಲಿ. ನಿಮ್ಮ ಕಾಡಲ್ಲೇ ಬಿದ್ರೂ ಬೀಳಬಹುದು. ಅದಕ್ಕೇ ಇನ್ಮೇಲೆ ನಾನು ಕಾಫಿಗೆ ಬರಲ್ಲ ಉರ್ಪೊ."

ಮುದುಕ ಗೂಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಥರ್ಮಾಸಿನ ಮುಚ್ಚಳ ತೆಗೆದ. "ಹಂಗಾದ್ರೆ ಇವತ್ತೇ ಎರಡು ಲೋಟ ಕುಡಿ."

ಎರಡೂ ಕುಡಿದೆ. ಅವನು ಕೊಟ್ಟ ಏಲಕ್ಕಿ ಬನ್ನನ್ನೂ ತಿಂದೆ. ಅವತ್ತು ನಾವು ಅಳೆಯಬೇಕಿದ್ದ ಇನ್ನೊಂದು ವೃತ್ತ ಎಡಕ್ಕೆ, ಬೇಲಿಯಾಚೆ ಅವನದೇ ಕಾಡಿನಲ್ಲಿ ಇತ್ತು. ನಾವು ಎತ್ತ ಹೋಗುತ್ತೇವೆಂದು ಮುದುಕ ನೋಡುತ್ತಲೇ ನಿಂತಿದ್ದ. ನಾನು ಬಲಕ್ಕೆ ತಿರುಗಿದೆ. ಯೊರ್ಮಾ ಬೈಯುತ್ತಾ ಹಿಂದೆ ಬಂದ. ಎರಡು ಕಿಲೋಮೀಟರ್ ಸುತ್ತು, ಅದೂ ಜೌಗಿನಲ್ಲಿ.